ಚೀಟಿಯ ಕಳ್ಳನೂ ಊರಿನ ಹೊಣೆಗಾರನೂ

ನಂಬಿಕೆಯಿಲ್ಲದೆ ಊರು ನಿಲ್ಲದು. ಶಂಕೆಯಿಲ್ಲದೆ ಊರು ಉಳಿಯದು. ಈ ಎರಡರ ನಡುವಣ ಜಗ್ಗಾಟವೇ ಸಮಾಜದ ಇತಿಹಾಸದ ದೊಡ್ಡ ಭಾಗವೆಂದರೆ ಅತಿಶಯೋಕ್ತಿಯಾಗಲಾರದು. ರಾಜ್ಯಗಳ ಚರಿತ್ರೆಯಲ್ಲಿ ಈ ಜಗ್ಗಾಟವು ಗೂಢಚಾರರ ರೂಪದಿಂದಲೂ, ನ್ಯಾಯಸಭೆಗಳ ಚರಿತ್ರೆಯಲ್ಲಿ ಸಾಕ್ಷಿ ಪ್ರಮಾಣಗಳ ರೂಪದಿಂದಲೂ ಕಾಣಿಸಿಕೊಳ್ಳುವದು. ಮಕ್ಕಳು ಕೂಡುವ ಜಗಲಿಯ ಮೇಲಾದರೋ ಅದು ನಾಲ್ಕು ಕಾಗದದ ಚೂರುಗಳ ರೂಪದಿಂದ ಕಾಣಿಸಿಕೊಳ್ಳುವದು. ಈ ಚೂರುಗಳು ಅಲ್ಪವಾಗಿ ತೋರಿದರೂ ಅವುಗಳೊಳಗೆ ಅಡಗಿರುವ ವಿಚಾರವು ಅಲ್ಪವಲ್ಲ.

ರಾಜ, ಮಂತ್ರಿ, ಶಿಪಾಯಿ, ಕಳ್ಳ ಎಂದು ನಾಲ್ಕು ಚೀಟಿಗಳನ್ನು ಬರೆದು, ಮಡಚಿ, ಕುಲುಕಿ ಚೆಲ್ಲುವ ಆಟವು ಬೆಳಗಾವಿ ಜಿಲ್ಲೆಯಲ್ಲಿಯೂ ಕನ್ನಡ ನಾಡಿನ ಇತರ ಭಾಗಗಳಲ್ಲಿಯೂ, ನೆರೆಯ ಮರಾಠಿ ಸೀಮೆಯಲ್ಲಿಯೂ ಎಲ್ಲರಿಗೂ ಪರಿಚಿತವಾದುದು. ಕೆಲವೆಡೆ ಮಂತ್ರಿಯ ಸ್ಥಳದಲ್ಲಿ ರಾಣಿ ಇರುವಳು, ಶಿಪಾಯಿಯು ಪೊಲೀಸನಾಗಿರುವನು. ಒಬ್ಬೊಬ್ಬರು ಒಂದೊಂದು ಚೀಟಿಯನ್ನು ಎತ್ತಿಕೊಳ್ಳುವರು. ರಾಜನು ತಾನು ರಾಜನೆಂದು ಪ್ರಕಟಿಸಿ, ಮಂತ್ರಿಯನ್ನು ಕರೆದು, ಕಳ್ಳನನ್ನು ಹಿಡಿಯೆಂದು ಆಜ್ಞಾಪಿಸುವನು. ಉಳಿದ ಇಬ್ಬರ ಮುಖಗಳನ್ನು ನೋಡಿ ಮಂತ್ರಿಯು ಒಬ್ಬನನ್ನು ತೋರಿಸಬೇಕು. ಬಹುಕಡೆಗೆ ರಾಜನಿಗೆ ೧೦೦೦, ಮಂತ್ರಿಗೆ ೮೦೦, ಶಿಪಾಯಿಗೆ ೫೦೦, ಕಳ್ಳನಿಗೆ ಸೊನ್ನೆ ಎಂದು ಲೆಕ್ಕ ಹಾಕುವರು. ಮಂತ್ರಿಯು ತಪ್ಪಿದರೆ ಅವನ ಅಂಕಗಳು ಕಳ್ಳನ ಪಾಲಾಗುವವು. ನಿರಪರಾಧಿಯಾದ ಶಿಪಾಯಿಯ ಮೇಲೆ ಕಳ್ಳತನವನ್ನು ಹೊರಿಸಿದುದಕ್ಕೆ ಇದೇ ದಂಡ.

ಈ ಆಟದಲ್ಲಿ ಮಂತ್ರಿಯ ಮುಂದೆ ಇರುವವರು ಇಬ್ಬರೇ ಆದುದರಿಂದ, ಕಣ್ಣು ಮುಚ್ಚಿ ತೋರಿಸಿದರೂ ಎರಡಕ್ಕೊಂದು ಸಲ ಅವನ ಮಾತು ನಿಜವಾಗುವದು. ಐದನೆಯವನೊಬ್ಬನು ಆಟಕ್ಕೆ ಬಂದಾಗ ಮಕ್ಕಳು ಸೇನಾಪತಿಯೆಂದೋ ಪುರೋಹಿತನೆಂದೋ ಇನ್ನೊಂದು ಚೀಟಿಯನ್ನು ಬರೆಯುವದುಂಟು. ಆದರೆ ಆ ಸೇನಾಪತಿಗೆ ಅಂಕಗಳ ಹೊರತು ಬೇರೆ ಯಾವ ಕೆಲಸವೂ ಇರುವದಿಲ್ಲ. ಅವನು ಬಂದುದರಿಂದ ಮಂತ್ರಿಯ ಊಹೆಯು ಎರಡಕ್ಕೊಂದರಿಂದ ಮೂರಕ್ಕೊಂದಕ್ಕೆ ಇಳಿಯಿತಲ್ಲದೆ ಆಟವು ಬೆಳೆಯಲಿಲ್ಲ. ಹೊಸ ಹೆಸರು ಬೇರೆ, ಹೊಸ ಪಾತ್ರ ಬೇರೆ. ಪಾತ್ರವೆಂಬುದು ಮೂರು ಅಂಗಗಳಿಂದ ಆದುದು: ಆ ಪಾತ್ರಧಾರಿಗೆ ಇತರರಿಗಿಲ್ಲದ ಯಾವ ಅರಿವು ಉಂಟು, ಇತರರು ಮಾಡಲಾರದ ಯಾವ ಕ್ರಿಯೆಯನ್ನು ಅವನು ಮಾಡಬಲ್ಲನು, ಯಾರು ಗೆದ್ದರೆ ಅವನು ಗೆದ್ದಂತೆ. ಈ ಮೂರರಲ್ಲಿ ಒಂದಾದರೂ ಹೊಸದಾಗಿರದಿದ್ದರೆ ಚೀಟಿಯ ಮೇಲಿನ ಅಕ್ಷರಗಳು ಬದಲಾದವೇ ಹೊರತು ಆಟವು ಬದಲಾಗಲಿಲ್ಲ.

ಮರೆಯ ಪಾತ್ರಗಳ ವಿಚಾರವು ಈ ದೇಶಕ್ಕೆ ಹೊಸದಲ್ಲ. ವಿರಾಟಪರ್ವದ ಕಥೆಯು ಗದುಗಿನ ಕುಮಾರವ್ಯಾಸನ ಮೂಲಕ ಕನ್ನಡಿಗರ ಮನೆಮನೆಯನ್ನು ಹೊಕ್ಕಿದೆ. ಧರ್ಮರಾಜನು ಕಂಕನಾದನು, ಭೀಮನು ಅಡಿಗೆಯ ವಲಲನಾದನು, ಅರ್ಜುನನು ಬೃಹನ್ನಳೆಯಾದನು, ದ್ರೌಪದಿಯು ಸೈರಂಧ್ರಿಯಾದಳು. ಹದಿಮೂರನೆಯ ವರುಷ ಮುಗಿಯುವದರೊಳಗೆ ಗುರುತು ಸಿಕ್ಕರೆ ಮತ್ತೆ ಹನ್ನೆರಡು ವರುಷಗಳ ವನವಾಸವೆಂಬುದು ಪಣ. ಆಟದ ಕಣ್ಣಿನಿಂದ ನೋಡಿದರೆ ಇದರಲ್ಲಿ ಗೂಢಪಾತ್ರದ ಆಟದ ಸಕಲ ಲಕ್ಷಣಗಳೂ ಇವೆ. ಅಡಗಿದವರು ಕೆಲವರು, ಹುಡುಕುವವರು ಹಲವರು, ಕಾಲಕ್ಕೆ ಮಿತಿಯುಂಟು, ಸೋಲಿಗೆ ಬೆಲೆಯುಂಟು. ಕೌರವನ ಚಾರರು ದೇಶವನ್ನೆಲ್ಲ ತಿರುಗಿ ಬರಿಗೈಯಿಂದ ಬಂದರು. ಆದರೆ ಕೀಚಕನು ಸತ್ತ ಸುದ್ದಿಯೊಂದೇ ಭೀಮನ ಸುಳುವನ್ನು ಕೊಟ್ಟಿತು, ಅಂಥವನನ್ನು ಬರಿಗೈಯಿಂದ ಕೊಲ್ಲಬಲ್ಲವರು ವಿರಳರಾಗಿದ್ದುದರಿಂದ. ವೇಷವು ಮುಖವನ್ನು ಮರೆಸಿತು. ಕ್ರಿಯೆಯು ಪಾತ್ರವನ್ನು ಬಯಲಿಗೆಳೆಯಿತು. ಬಲವುಳ್ಳ ಪಾತ್ರವು ತನ್ನ ಬಲವನ್ನು ತೋರಿದ ಕ್ಷಣವೇ ಗುರುತಿಗೆ ಸಿಕ್ಕುವದೆಂಬ ನಿಯಮವು ಇಂದಿನ ಆಟಗಳಲ್ಲಿಯೂ ಹಾಗೆಯೇ ಉಳಿದಿದೆ.

ಕಥೆಯನ್ನು ಬಿಟ್ಟು ಶಾಸ್ತ್ರಕ್ಕೆ ಬಂದರೆ ಕೌಟಿಲ್ಯನ ಅರ್ಥಶಾಸ್ತ್ರವು ಎದುರಾಗುವದು. ಬಹುಕಾಲ ಹೆಸರಿನಿಂದ ಮಾತ್ರ ತಿಳಿದಿದ್ದ ಈ ಗ್ರಂಥದ ತಾಳೆಯೋಲೆಯ ಪ್ರತಿಯನ್ನು ೧೯೦೫ರಲ್ಲಿ ಮೈಸೂರಿನ ಪ್ರಾಚ್ಯ ಪುಸ್ತಕಾಲಯದಲ್ಲಿ ಗುರುತಿಸಿ, ೧೯೦೯ರಲ್ಲಿ ಅಚ್ಚು ಹಾಕಿಸಿ, ೧೯೧೫ರಲ್ಲಿ ಇಂಗ್ಲಿಷಿಗೆ ಅನುವಾದಿಸಿದ ಕೀರ್ತಿಯು ರುದ್ರಪಟ್ಟಣದ ಶಾಮಾಶಾಸ್ತ್ರಿಗಳದು. ಅದರ ಮೊದಲನೆಯ ಅಧಿಕರಣದಲ್ಲಿ ಗೂಢಪುರುಷರ ವಿಂಗಡಣೆಯಿದೆ. ಕಾಪಟಿಕ, ಉದಾಸ್ಥಿತ, ಗೃಹಪತಿಕ, ವೈದೇಹಕ, ತಾಪಸ ಎಂಬ ಐವರು ಒಂದೆಡೆ ನೆಲಸಿದ್ದು ಸುದ್ದಿಯನ್ನು ಸಂಗ್ರಹಿಸುವರು. ಸತ್ರಿ, ತೀಕ್ಷ್ಣ, ರಸದ, ಭಿಕ್ಷುಕಿ ಎಂಬವರು ಸಂಚರಿಸುತ್ತ ಕಾರ್ಯ ಮಾಡುವರು. ತಾಪಸನಿಗೆ ಸಲ್ಲುವ ಮನೆ ವೈದೇಹಕನಿಗೆ ಸಲ್ಲದು. ವೈದೇಹಕನು ಕೇಳಬಲ್ಲ ಮಾತನ್ನು ತಾಪಸನು ಕೇಳಲಾರನು. ಪ್ರತಿ ವೇಷಕ್ಕೂ ಅದಕ್ಕೆ ಮಾತ್ರ ತೆರೆಯುವ ಒಂದು ಬಾಗಿಲು ಉಂಟು. ಪಾತ್ರರಚನೆಯ ಮೊದಲ ಸೂತ್ರವೇ ಇದು.

ಇದಕ್ಕಿಂತ ಮುಖ್ಯವಾದ ಇನ್ನೆರಡು ಮಾತುಗಳು ಆ ಗ್ರಂಥದಲ್ಲಿವೆ. ಚಾರರು ಒಬ್ಬರನ್ನೊಬ್ಬರು ಅರಿಯಬಾರದೆಂದೂ, ಮೂವರ ವರದಿಯು ಒಂದೇ ಆದಾಗ ಮಾತ್ರ ಅದನ್ನು ನಂಬಬೇಕೆಂದೂ ಕೌಟಿಲ್ಯನು ವಿಧಿಸುವನು. ಅಮಾತ್ಯರ ನಿಷ್ಠೆಯನ್ನು ಧರ್ಮ, ಅರ್ಥ, ಕಾಮ, ಭಯಗಳೆಂಬ ನಾಲ್ಕು ಉಪಧೆಗಳಿಂದ ಪರೀಕ್ಷಿಸುವ ಕ್ರಮವನ್ನು ಹೇಳಿದ ಬಳಿಕ, ಕೆಡದಿದ್ದವನನ್ನು ಪರೀಕ್ಷೆಯೇ ಕೆಡಿಸೀತೆಂಬ ಎಚ್ಚರಿಕೆಯನ್ನೂ ಕೊಡುವನು. ಗೂಢತಂತ್ರದ ಆಚಾರ್ಯನೆನಿಸಿದವನೇ ಒಬ್ಬನ ಮಾತಿನ ಮೇಲೆ ದಂಡಿಸಬೇಡವೆಂದೂ, ಶಂಕೆಗೆ ಮಿತಿಯಿರಲೆಂದೂ ಹೇಳಿದ್ದು ಲಕ್ಷ್ಯದಲ್ಲಿಡತಕ್ಕ ವಿಷಯ.

ಈ ಎಚ್ಚರಿಕೆಗಳ ಬೆಲೆಯನ್ನು ತಿಳಿಯಲು ಖಾನಾಪುರ ತಾಲೂಕನ್ನು ದಾಟಿ ಹೋಗಬೇಕಾದ ಕಾರಣವಿಲ್ಲ. ಲೋಂಡಾ ಇರುವ ಇದೇ ತಾಲೂಕಿನ ನಂದಗಡದಲ್ಲಿ ೧೮೩೧ನೆಯ ಜನವರಿ ೨೬ರಂದು ಸಂಗೊಳ್ಳಿ ರಾಯಣ್ಣನನ್ನು ಗಲ್ಲಿಗೇರಿಸಲಾಯಿತು. ಕಿತ್ತೂರಿನ ಕೋಟೆಯು ೧೮೨೪ರ ಡಿಸೆಂಬರದಲ್ಲಿ ಬಿದ್ದಿತು. ರಾಣಿ ಚೆನ್ನಮ್ಮನು ಬೈಲಹೊಂಗಲದ ಸೆರೆಯಲ್ಲಿ ೧೮೨೯ರ ಫೆಬ್ರುವರಿಯಲ್ಲಿ ತೀರಿಕೊಂಡಳು. ಆ ಬಳಿಕವೂ ದತ್ತಕ ಶಿವಲಿಂಗಪ್ಪನ ಪಕ್ಷವನ್ನು ಹಿಡಿದು ರಾಯಣ್ಣನು ಈ ಕಾಡುಸೀಮೆಯಲ್ಲಿ ಕಂಪನಿ ಸರಕಾರದ ವಿರುದ್ಧ ಹೋರಾಡಿದನು. ಹಳ್ಳಿಯ ಜನರು ಅವನ ಸುಳಿವನ್ನು ಬಿಟ್ಟುಕೊಡದೆ ಇದ್ದಷ್ಟು ಕಾಲ ದಂಡಿಗೆ ಅವನು ಸಿಕ್ಕಲಿಲ್ಲ. ೧೮೩೦ರ ಏಪ್ರಿಲದಲ್ಲಿ ಅವನು ಸಿಕ್ಕುದು ಮೋಸದಿಂದ. ಬಂಟನ ವೇಷದಿಂದ ಗುಂಪಿನೊಳಗೆ ಹೊಕ್ಕವನು, ರಾಯಣ್ಣನು ಹಳ್ಳದಲ್ಲಿ ಮೀಯುತ್ತಿರುವಾಗ ಕೈಯ ಖಡ್ಗವನ್ನು ದೂರಮಾಡಿದನೆಂದು ಲಾವಣಿಗಳೂ ಗೀಗೀ ಪದಗಳೂ ಇಂದಿಗೂ ಹಾಡುತ್ತವೆ. ನಂದಗಡದ ಸಮಾಧಿಯೂ ಅದರ ಬಳಿಯ ಆಲದ ಮರವೂ ಜನರ ಭಕ್ತಿಯ ಸ್ಥಾನಗಳಾಗಿವೆ.

ಆಟದಲ್ಲಿ ಒಳಹೊಕ್ಕ ವೈರಿಯ ಪಾತ್ರವು ವಿನೋದಕ್ಕಾಗಿ ಇರುವದು. ನಂದಗಡದಲ್ಲಿ ಅದಕ್ಕೆ ತೆತ್ತ ಬೆಲೆಯು ಪ್ರಾಣ. ಹೊಸದಾಗಿ ಬಂದವನ ಪರವಾಗಿ ಮೊದಲು ಯಾರು ಮಾತು ಕೊಟ್ಟರು, ಆ ಮಾತು ಸುಳ್ಳಾದರೆ ತೆರುವವರು ಯಾರು ಎಂಬ ಪ್ರಶ್ನೆಗಳೇ ಇಂಥ ಪ್ರಸಂಗದ ತಿರುಳು.

ಒಳಗಿನ ವೈರಿಯನ್ನು ಶಂಕಿಸದಿದ್ದುದರ ಫಲವು ಅದಾದರೆ, ವೈರಿಯಲ್ಲದವನನ್ನು ಶಂಕಿಸಿದುದರ ಫಲವು ಇನ್ನೊಂದು. ೧೮೭೧ರಲ್ಲಿ ಬ್ರಿಟಿಶ್ ಸರಕಾರವು ಅಪರಾಧಿ ಪಂಗಡಗಳ ಕಾಯದೆಯನ್ನು ಮಾಡಿತು. ಮೊದಲು ಉತ್ತರ ಹಿಂದುಸ್ಥಾನದಲ್ಲಿ ಜಾರಿಯಾದ ಈ ಕಾಯದೆಯು ೧೯೧೧ರ ತಿದ್ದುಪಡಿಯಿಂದ ಮುಂಬಯಿ, ಮದ್ರಾಸ ಇಲಾಖೆಗಳಿಗೂ ಅನ್ವಯಿಸತಕ್ಕದ್ದಾಯಿತು. ಇಂಥ ಪಂಗಡದಲ್ಲಿ ಹುಟ್ಟಿದವನು ಯಾವ ತಪ್ಪನ್ನೂ ಮಾಡದೆ ಇದ್ದರೂ ಅವನ ಹೆಸರು ಪೊಲೀಸರ ಪಟ್ಟಿಗೆ ಸೇರುತ್ತಿತ್ತು. ಅವನು ಗೊತ್ತುಮಾಡಿದ ಹೊತ್ತಿಗೆ ಹಾಜರಿ ಕೊಡಬೇಕಾಗುತ್ತಿತ್ತು. ಹುಬ್ಬಳ್ಳಿ, ವಿಜಾಪುರ, ಸೊಲ್ಲಾಪುರಗಳಲ್ಲಿ ಇವರಿಗಾಗಿ ವಸಾಹತುಗಳು ಎದ್ದವು. ಮಕ್ಕಳ ಆಟದಲ್ಲಿ ಕಳ್ಳನ ಚೀಟಿಯು ಇಂದು ಒಬ್ಬನಿಗೆ ಬಂದರೆ ಮುಂದಿನ ಸರದಿಗೆ ಇನ್ನೊಬ್ಬನಿಗೆ ಬರುವದು. ಈ ಕಾಯದೆಯು ಆ ಚೀಟಿಯನ್ನು ತೊಟ್ಟಿಲಿನಲ್ಲಿಯೇ ಕಟ್ಟಿತು, ಮತ್ತೆ ಕುಲುಕಲಿಲ್ಲ. ಸ್ವತಂತ್ರ ಭಾರತದಲ್ಲಿ ೧೯೫೨ರ ಆಗಸ್ಟಿನಲ್ಲಿ ಅದು ರದ್ದಾಗುವವರೆಗೆ ೮೧ ವರುಷಗಳು ಕಳೆದವು.

ಗೂಢಪಾತ್ರದ ಆಟವು ಇಂದಿನ ರೂಪವನ್ನು ತಳೆದುದು ದೂರದ ರಶಿಯಾದಲ್ಲಿ. ಮಾಸ್ಕೋ ವಿಶ್ವವಿದ್ಯಾಲಯದ ಮನಃಶಾಸ್ತ್ರ ವಿಭಾಗದಲ್ಲಿದ್ದ ದ್ಮಿತ್ರಿ ದಾವಿದೋವ್ ಎಂಬವನು ೧೯೮೬-೮೭ರ ಸುಮಾರಿಗೆ ‘ಮಾಫಿಯಾ’ ಎಂಬ ಆಟವನ್ನು ರಚಿಸಿದನು. ಅದರ ಮೂಲಕಲ್ಪನೆಯು ಸರಳವಾದುದು: ಎಲ್ಲವನ್ನೂ ಅರಿತ ಕೆಲವರು, ಏನನ್ನೂ ಅರಿಯದ ಹಲವರು. ರಾತ್ರಿಯಲ್ಲಿ ಎಲ್ಲರೂ ಕಣ್ಣು ಮುಚ್ಚಿರುವಾಗ ಘಾತುಕರು ಮಾತ್ರ ಕಣ್ಣು ತೆರೆದು ಒಬ್ಬೊಬ್ಬರನ್ನು ಗುರುತಿಸಿಕೊಂಡು ಒಬ್ಬ ಊರಿನವನನ್ನು ಇಲ್ಲವಾಗಿಸುವರು. ಹಗಲಿನಲ್ಲಿ ಊರಿನವರೆಲ್ಲರೂ ಚರ್ಚಿಸಿ, ಬಹುಮತದಿಂದ ಒಬ್ಬನನ್ನು ಹೊರದೂಡುವರು. ಆ ಒಬ್ಬನು ಘಾತುಕನೋ ನಿರಪರಾಧಿಯೋ ಎಂಬುದು ದಂಡನೆಯ ಬಳಿಕವೇ ತಿಳಿಯುವದು. ಚೀಟಿಯಾಟದಲ್ಲಿ ಮಂತ್ರಿಯೊಬ್ಬನು ಮಾಡುತ್ತಿದ್ದ ತಪ್ಪನ್ನು ಇಲ್ಲಿ ಊರಿಗೆ ಊರೇ ಮಾಡುವದು.

೧೯೯೭ರಲ್ಲಿ ಅಮೇರಿಕೆಯ ಆಂಡ್ರೂ ಪ್ಲಾಟ್ಕಿನ್ ಎಂಬವನು ಘಾತುಕರನ್ನು ತೋಳಮಾನವರನ್ನಾಗಿ ಮಾರ್ಪಡಿಸಿದನು. ೨೦೦೧ರಲ್ಲಿ ಫ್ರಾನ್ಸಿನ ಫಿಲಿಪ್ ದೆ ಪಾಲಿಯೇರ್ ಮತ್ತು ಎರ್ವೇ ಮಾರ್ಲಿ ಎಂಬವರು ಅದೇ ಆಟವನ್ನು ಚಿತ್ರದ ಎಲೆಗಳೊಡನೆ ಪ್ರಕಟಿಸಿದರು. ಅಂದಿನಿಂದ ಪಾತ್ರಗಳ ಸುಗ್ಗಿಯೇ ಆಯಿತೆನ್ನಬಹುದು. ರಾತ್ರಿಗೊಬ್ಬನ ಗುಟ್ಟನ್ನು ಅರಿಯುವ ಕಣಿಗಾತಿ, ಔಷಧವನ್ನೂ ವಿಷವನ್ನೂ ಒಂದೊಂದೇ ಸಲ ಬಳಸಬಲ್ಲ ಮಾಟಗಾತಿ, ಸಾಯುವಾಗ ಇನ್ನೊಬ್ಬನನ್ನು ಒಯ್ಯುವ ಬೇಟೆಗಾರ ಮೊದಲಾದವರು ಬಂದರು. ಡಾನ್ ಎಸ್ಕ್ರಿಜ್ ಎಂಬವನು ೨೦೦೯ರಲ್ಲಿ ರಚಿಸಿದ ‘ರೆಸಿಸ್ಟನ್ಸ್’ ಆಟದಲ್ಲಿ ಯಾರೂ ನಡುವೆ ಹೊರಬೀಳುವದಿಲ್ಲ. ಅದರಿಂದ ೨೦೧೨ರಲ್ಲಿ ಹುಟ್ಟಿದ ‘ಅವಲಾನ್’ ಆಟದಲ್ಲಿ ಮರ್ಲಿನ್ ಎಂಬ ಜ್ಞಾನಿಯು ದುಷ್ಟರನ್ನು ಮೊದಲೇ ಅರಿತಿರುವನು. ಆದರೆ ಕೊನೆಯಲ್ಲಿ ದುಷ್ಟರು ಅವನನ್ನು ಗುರುತಿಸಿದರೆ ಸಜ್ಜನರ ಗೆಲವೆಲ್ಲ ವ್ಯರ್ಥವಾಗುವದು. ೨೦೧೮ರಲ್ಲಿ ಬಂದು ೨೦೨೦ರಲ್ಲಿ ಜಗತ್ತಿನ ಮಕ್ಕಳ ಕೈಯ ದೂರವಾಣಿಗಳನ್ನೆಲ್ಲ ಹೊಕ್ಕ ‘ಅಮಾಂಗ್ ಅಸ್’ ಆಟಕ್ಕೂ ೨೦೨೧ರ ನವಂಬರದಲ್ಲಿ ಹೊಸ ಪಾತ್ರಗಳು ಸೇರಿದವು.

ಈ ಪಾತ್ರಗಳಲ್ಲಿ ಉತ್ತಮವಾದವುಗಳನ್ನು ಪರಿಶೀಲಿಸಿದರೆ ಒಂದು ಸಂಗತಿಯು ಸ್ಪಷ್ಟವಾಗುವದು. ಬೆಲೆಯಿಲ್ಲದೆ ಕೊಟ್ಟ ಬಲವು ಆಟವನ್ನು ಕೆಡಿಸುವದು. ಬೆಲೆಯೊಡನೆ ಕೊಟ್ಟ ಬಲವು ಆಟವನ್ನು ಬೆಳೆಸುವದು. ಮರ್ಲಿನ್ನನ ಅರಿವಿಗೆ ಗುರುತು ಸಿಕ್ಕುವ ಭಯವೇ ಬೆಲೆ. ಮಾಟಗಾತಿಯ ಔಷಧಕ್ಕೆ ಒಂದೇ ಸಲವೆಂಬ ಮಿತಿಯೇ ಬೆಲೆ. ಭೀಮನ ತೋಳಿನ ಬಲಕ್ಕೂ ಇದೇ ಬೆಲೆ ಇದ್ದಿತೆಂಬುದನ್ನು ಮೇಲೆ ನೋಡಿಯಾಗಿದೆ.

ಇನ್ನು ಲೋಂಡಾ ಸೀಮೆಯ ಅನುಭವದಿಂದ ಹೊಸದೊಂದು ಪಾತ್ರವನ್ನು ಕಲ್ಪಿಸುವದಾದರೆ ಅದು ಯಾವುದಾಗಬೇಕು? ಕಾಡಿನ ನಡುವಣ ಈ ಹಳ್ಳಿಯು ೧೮೮೦ರ ದಶಕದಲ್ಲಿ ಸದರ್ನ್ ಮರಾಠಾ ರೇಲ್ವೆಯ ಕೂಡುದಾಣವಾಯಿತು. ಒಂದು ಹಾದಿ ಬೆಳಗಾವಿಗೆ, ಒಂದು ಧಾರವಾಡ ಹುಬ್ಬಳ್ಳಿಗಳಿಗೆ, ಮತ್ತೊಂದು ಕ್ಯಾಸಲ್‌ರಾಕಿನ ಮೂಲಕ ಘಟ್ಟವಿಳಿದು ಪೋರ್ತುಗೀಜರ ಗೋವೆಯ ಮುರಗಾಂವ ಬಂದರಕ್ಕೆ. ೧೯೬೧ರ ಡಿಸೆಂಬರದಲ್ಲಿ ಗೋವೆಯು ವಿಮೋಚನೆ ಹೊಂದುವವರೆಗೆ ಕ್ಯಾಸಲ್‌ರಾಕಿನ ಆಚೆಯದು ಪರರಾಜ್ಯವಾಗಿತ್ತು. ಗಂಟುಮೂಟೆಗಳನ್ನು ಬಿಚ್ಚಿಸಿ ಸುಂಕದವರು ನೋಡುತ್ತಿದ್ದರು. ಕನ್ನಡ, ಮರಾಠಿ, ಕೊಂಕಣಿ, ಉರ್ದುಗಳನ್ನಾಡುವ ಜನರು ಒಂದೇ ಫಲಾಟಿನ ಮೇಲೆ ನಿಲ್ಲುವ ಇಂಥ ಸ್ಥಳದಲ್ಲಿ ಪ್ರತಿಯೊಬ್ಬನೂ ಇನ್ನೊಬ್ಬನಿಗೆ ಅಪರಿಚಿತ. ಅಪರಿಚಿತನು ಊರೊಳಗೆ ಸೇರಬೇಕಾದರೆ, ಅಂಗಡಿಯಲ್ಲಿ ಉದ್ರಿ ಪಡೆಯಬೇಕಾದರೆ, ಬಾಡಿಗೆಗೆ ಮನೆ ಹಿಡಿಯಬೇಕಾದರೆ, ಪರಿಚಿತನೊಬ್ಬನು ಅವನಿಗೆ ಹೊಣೆಯಾಗಬೇಕು.

ಹೊಣೆಯೆಂಬುದು ಕನ್ನಡ ನಾಡಿನ ನ್ಯಾಯಪರಂಪರೆಗೆ ಚೆನ್ನಾಗಿ ತಿಳಿದ ಸಂಸ್ಥೆ. ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ಕಲ್ಯಾಣದಲ್ಲಿದ್ದು ವಿಜ್ಞಾನೇಶ್ವರನು ಬರೆದ ಮಿತಾಕ್ಷರವು ಯಾಜ್ಞವಲ್ಕ್ಯ ಸ್ಮೃತಿಯ ವ್ಯಾಖ್ಯಾನವು. ಸ್ಮೃತಿಯಲ್ಲಿ ಪ್ರತಿಭೂ ಎಂದರೆ ಹೊಣೆಗಾರನನ್ನು ಮೂರು ಬಗೆಯಾಗಿ ಹೇಳಿದೆ. ಕರೆದಾಗ ಇವನನ್ನು ತಂದು ನಿಲ್ಲಿಸುವೆನೆಂಬುದು ದರ್ಶನದ ಹೊಣೆ. ಇವನು ನಂಬತಕ್ಕವನೆಂಬುದು ಪ್ರತ್ಯಯದ ಹೊಣೆ. ಇವನು ಕೊಡದಿದ್ದರೆ ನಾನು ಕೊಡುವೆನೆಂಬುದು ದಾನದ ಹೊಣೆ. ಇವುಗಳಲ್ಲಿ ನಡುವಿನದು, ಅಂದರೆ ಇನ್ನೊಬ್ಬನ ಸ್ವಭಾವಕ್ಕೆ ತಾನು ಮೈಗೊಡುವದು, ಗೂಢಪಾತ್ರದ ಆಟಕ್ಕೆ ಹೇಳಿ ಮಾಡಿಸಿದಂತಿದೆ.

ಆದುದರಿಂದ ಹೊಸ ಪಾತ್ರದ ಹೆಸರು ‘ಹೊಣೆಗಾರ’. ಅವನು ಊರಿನ ಪಕ್ಷದವನು. ಯಾರ ಗುಟ್ಟೂ ಅವನಿಗೆ ತಿಳಿಯದು. ಹಗಲಿನ ಚರ್ಚೆಯಲ್ಲಿ ಊರು ಒಬ್ಬನನ್ನು ದೂಡಲು ನಿರ್ಣಯಿಸಿದಾಗ, ಹೊಣೆಗಾರನು ಎದ್ದು, ತನ್ನ ಚೀಟಿಯನ್ನು ತೋರಿಸಿ, ‘ಇವನಿಗೆ ನಾನು ಹೊಣೆ’ ಎನ್ನಬಹುದು. ಆಗ ಆರೋಪಿತನ ಚೀಟಿಯನ್ನು ಬಿಚ್ಚಿ ನೋಡತಕ್ಕದ್ದು. ಅವನು ನಿರಪರಾಧಿಯಾದರೆ ಇಬ್ಬರೂ ಉಳಿಯುವರು. ಕಳ್ಳನಾದರೆ ಇಬ್ಬರೂ ಆಟದಿಂದ ಹೊರಬೀಳುವರು. ತನಗೆ ತಾನೇ ಹೊಣೆಯಾಗುವದು ಯಾವ ಶಾಸ್ತ್ರಕ್ಕೂ ಒಪ್ಪದಾದುದರಿಂದ, ಆರೋಪವು ಅವನ ಮೇಲೆಯೇ ಬಂದರೆ ಅವನು ಈ ಬಲವನ್ನು ಬಳಸಲಾರನು.

ಈ ಕಲ್ಪನೆಯಲ್ಲಿ ಎರಡು ದೋಷಗಳು ಹುದುಗಬಲ್ಲವು. ದಿನದಿನವೂ ಹೊಣೆಯಾಗಬಹುದೆಂದರೆ ಊರಿನವರು ವಿಚಾರವನ್ನೇ ಬಿಟ್ಟು, ಒಬ್ಬೊಬ್ಬನನ್ನಾಗಿ ಮುಂದೆ ದೂಡಿ ಚೀಟಿ ಬಿಚ್ಚಿಸುತ್ತ ಹೋಗುವರು. ವಿವೇಕಕ್ಕೆ ಕೆಲಸವೇ ಉಳಿಯದು. ಆದುದರಿಂದ ಆಟಕ್ಕೆ ಒಂದೇ ಸಲವೆಂದು ಮಿತಿಯಿರಬೇಕು. ಎರಡನೆಯದು ಹೆಚ್ಚು ಸೂಕ್ಷ್ಮವಾದುದು. ಹೊಣೆಯಾಗುವ ಅಧಿಕಾರವನ್ನು ಒಬ್ಬನಿಗಲ್ಲದೆ ಎಲ್ಲರಿಗೂ ಕೊಟ್ಟರೆ ಹೆಚ್ಚು ನ್ಯಾಯವೆಂದು ತೋರಬಹುದು. ಆದರೆ ಕಳ್ಳರಿಗೆ ತಮ್ಮವರು ಯಾರು, ನಿರಪರಾಧಿಗಳು ಯಾರು ಎಂಬುದು ಮೊದಲೇ ಗೊತ್ತು. ನಿರಪರಾಧಿಯೊಬ್ಬನಿಗೆ ಹೊಣೆಯಾಗಿ ನಿಂತು ಕಳ್ಳನು ಬಿಡಿಕಾಸನ್ನೂ ಪಣಕ್ಕಿಡದೆ ಸಜ್ಜನನೆನಿಸಿಕೊಳ್ಳುವನು. ಬಂಟನ ವೇಷದಿಂದ ಗುಂಪನ್ನು ಹೊಕ್ಕವನ ಉಪಾಯವು ಇದಕ್ಕಿಂತ ಬೇರೆಯಲ್ಲ. ಎಲ್ಲವನ್ನೂ ಅರಿತವನ ಹೊಣೆಗೆ ಬೆಲೆಯಿಲ್ಲ. ಅರಿಯದೆ ನಂಬಿ ನಿಂತವನ ಹೊಣೆಗೇ ಬೆಲೆ. ಆದುದರಿಂದಲೇ ಈ ಪಾತ್ರವು ಊರಿನ ಪಕ್ಷದ ಒಬ್ಬನದೇ ಆಗಿರಬೇಕು, ಅವನ ಚೀಟಿಯು ಕಾಣಲೂ ಬೇಕು.

ಲೆಕ್ಕದಿಂದಲೂ ಇದನ್ನು ಪರೀಕ್ಷಿಸಬಹುದು. ೯ ಜನರಲ್ಲಿ ೨ ಕಳ್ಳರಿರಲಿ. ಮೊದಲ ರಾತ್ರಿ ಒಬ್ಬನು ಹೋಗಿ ೮ ಜನರು ಉಳಿಯುವರು, ಹೊಣೆಗಾರನು ಬದುಕಿರಲಿ. ಅವನನ್ನು ಬಿಟ್ಟು ಉಳಿದ ೭ ಜನರಲ್ಲಿ ೫ ಜನ ನಿರಪರಾಧಿಗಳು. ಊರು ಕಣ್ಣು ಮುಚ್ಚಿ ಇವರಲ್ಲಿ ಒಬ್ಬನನ್ನು ಹಿಡಿದರೆ ೭ರಲ್ಲಿ ೫ ಸಲ ನಿರಪರಾಧಿಯೇ ಸಿಕ್ಕುವನು. ಹೊಣೆಗಾರನಿಲ್ಲದಿದ್ದರೆ ಆ ನಿರಪರಾಧಿಯು ಹೋಗಿ, ರಾತ್ರಿ ಮತ್ತೊಬ್ಬನು ಹೋಗಿ, ಮರುದಿನ ೬ ಜನರೂ ಶಂಕಿತರೇ. ಅವರಲ್ಲಿ ೨ ಕಳ್ಳರು. ಹೊಣೆಗಾರನು ಎದ್ದು ನಿಂತಿದ್ದರೆ ಶಂಕೆ ಕಳೆದವರು ಇಬ್ಬರಾಗುವರು. ರಾತ್ರಿ ಅವರಲ್ಲಿ ಒಬ್ಬನನ್ನು ಕಳ್ಳರು ತೆಗೆದರೆ ಮರುದಿನ ೭ ಜನರಿರುವರು, ಅವರಲ್ಲಿ ಶಂಕಿತರು ೬, ಕಳ್ಳರು ೨. ಶಂಕಿತರಲ್ಲಿ ಕಳ್ಳರ ಪ್ರಮಾಣವು ಎರಡೂ ಕಡೆಗೆ ಮೂರಕ್ಕೊಂದೇ. ಹೆಚ್ಚಾಗಿ ಉಳಿದುದು ಎಲ್ಲರೂ ನಂಬುವ ಒಂದು ಬಾಯಿ, ಒಂದು ಮತ. ಇನ್ನು ಸಿಕ್ಕವನು ಕಳ್ಳನೇ ಆಗಿದ್ದರೆ ಹೊಣೆಗಾರನೂ ಅವನೊಡನೆ ಹೋಗಿ ೬ ಜನರಲ್ಲಿ ೧ ಕಳ್ಳನು ಉಳಿಯುವನು. ಊರು ಕಳ್ಳನನ್ನು ಕಳೆದುದಕ್ಕೆ ಒಬ್ಬ ಸಜ್ಜನನನ್ನು ತೆತ್ತಂತಾಯಿತು. ಹೀಗೆ ಈ ಪಾತ್ರವು ಊರಿಗೆ ನಿಶ್ಚಯವನ್ನು ಕೊಡುವದಿಲ್ಲ. ತಪ್ಪನ್ನು ತಿದ್ದಿಕೊಳ್ಳಲು ಒಂದು ದಿನವನ್ನು ಕೊಡುವದು. ಒಳ್ಳೆಯ ಪಾತ್ರಕ್ಕೆ ಇಷ್ಟು ಬಲವೇ ಸಾಕು.

ಹೊಣೆಗಾರನು ಏಳಬಹುದೆಂಬ ತಿಳಿವಳಿಕೆಯೊಂದರಿಂದಲೇ ಊರಿನ ಚರ್ಚೆಯ ಧಾಟಿಯು ಬದಲಾಗುವದು. ದೂರುವವನು ತನ್ನ ಕಾರಣಗಳನ್ನು ಬಿಡಿಸಿ ಹೇಳಬೇಕಾಗುವದು, ಏಕೆಂದರೆ ಆ ಕಾರಣಗಳನ್ನು ತೂಗಿ ನೋಡಿ ಪ್ರಾಣವನ್ನು ಪಣಕ್ಕಿಡುವವನೊಬ್ಬನು ಸಭೆಯಲ್ಲಿ ಕುಳಿತಿರುವನು. ದೂರಿಗೆ ಒಳಗಾದವನು ಬರಿದೆ ಅಂಗಲಾಚದೆ ತನ್ನ ನಡತೆಯ ಸಾಕ್ಷ್ಯವನ್ನು ಮುಂದಿಡಬೇಕಾಗುವದು. ಇದುವರೆಗೆ ಆಟದಲ್ಲಿ ಕಳ್ಳನನ್ನು ಕಾಣುವ ಪಾತ್ರಗಳು ಬಹಳ ಬಂದಿವೆ. ನಿರಪರಾಧಿಯ ಮಗ್ಗುಲಲ್ಲಿ ನಿಲ್ಲುವ ಪಾತ್ರಗಳು ಅಷ್ಟು ಬಂದಿಲ್ಲ.

ಹುಟ್ಟಿನಿಂದಲೇ ಕಳ್ಳರೆಂದು ಬರೆಯಲ್ಪಟ್ಟವರ ಪಾಲಿಗೆ ೮೧ ವರುಷಗಳ ಕಾಲ ಕೊರತೆಯಾದುದು ಹೆಚ್ಚು ಜಾಣರಾದ ಪತ್ತೆದಾರರದಲ್ಲ. ಎದ್ದು ನಿಂತು ಹೊಣೆಯೆನ್ನುವವರದು. ಆಟವು ಲೋಕವನ್ನು ತಿದ್ದಲಾರದು. ಆದರೆ ಒಂದು ಸಂಜೆ ನಾಲ್ಕು ಜನರ ನಡುವೆ ತಿಳಿಯದವನಿಗಾಗಿ ಎದ್ದು ನಿಂತು ನೋಡಿದ ಹುಡುಗನಿಗೆ ಆ ಅಭ್ಯಾಸವು ವ್ಯರ್ಥವಾಗಲಾರದು. ಚೀಟಿಗಳನ್ನು ಬರೆಯುವವರು ಇನ್ನು ಮುಂದೆ ಕಳ್ಳನ ಚೀಟಿಯೊಡನೆ ಹೊಣೆಗಾರನದೊಂದನ್ನೂ ಮಡಚಿಡುವದು ಯೋಗ್ಯ.